26 ಮಕ್ಕಳ ಪರ್ಯಾಯ ಹೈಸ್ಕೂಲಿಗೆ ಮಗಳನ್ನು ಸೇರಿಸುವ ಮುಂಚೆ ದಾಖಲಾತಿಯ ಅಂಕಿಗಳನ್ನು ಹೇಗೆ ಓದಬೇಕು?

ನಿಮ್ಮ ಪ್ರಶ್ನೆಯಲ್ಲಿರುವುದಿಷ್ಟು: ಬೆಂಗಳೂರಿನ ಕನಕಪುರ ರಸ್ತೆ ಕಡೆಯ ಸಣ್ಣ ಶಾಲೆ, 8ರಿಂದ 10ನೇ ತರಗತಿಯವರೆಗೆ 26 ಮಕ್ಕಳು, 6 ಶಿಕ್ಷಕರು, ‘ಶೇ. 58 ಹುಡುಗಿಯರು’ ಎಂಬ ಭರವಸೆ. ಶಾಲೆಗಳ ಅಂಕಿಅಂಶ ಇಡುವ ಕೇಂದ್ರ ಸರ್ಕಾರದ ಯು-ಡೈಸ್ ಪ್ಲಸ್‌ನಲ್ಲಿ ನೋಡಿದರೆ 9 ಮತ್ತು 10ರ ಎದುರು ಸೊನ್ನೆ.

ಮೊದಲು ಆ ಶೇಕಡಾ ಲೆಕ್ಕ ಬದಿಗಿಡಿ. 26ರಲ್ಲಿ ಶೇ. 58 ಅಂದರೆ 15 ಹುಡುಗಿಯರು, 11 ಹುಡುಗರು. ಇಬ್ಬರು ಹುಡುಗಿಯರು ಬಿಟ್ಟು ಮೂವರು ಹುಡುಗರು ಬಂದರೆ ಲೆಕ್ಕ ಉಲ್ಟಾ. ಇಂಥ ಕಡೆ ತಲೆ ಎಣಿಸಬೇಕು, ಅದೂ ವಯಸ್ಸಿನ ಪ್ರಕಾರ. 15 ಹುಡುಗಿಯರಲ್ಲಿ 10 ಮಂದಿ ಹನ್ನೆರಡು-ಹದಿಮೂರರವರಾದರೆ, ಹದಿನೈದು ವರ್ಷದ ನಿಮ್ಮ ಮಗಳಿಗೆ ಓರಗೆಯವರು ಮೂರೋ ನಾಲ್ಕೋ. ಅವರಲ್ಲಿ ಒಬ್ಬಳ ಜೊತೆ ಮುನಿಸಾದರೆ ಬೇರೆ ಸೆಕ್ಷನ್‌ಗೆ ಹೋಗಿ ಕೂರಲು ಬೇರೆ ಸೆಕ್ಷನ್ನೇ ಇರುವುದಿಲ್ಲ.

ಆಮೇಲೆ ಕೇಳಿ: ಈ 26 ಮಕ್ಕಳು ಎಷ್ಟು ಮನೆಯವರು? ಸಣ್ಣ ಶಾಲೆಗಳಲ್ಲಿ ಅಣ್ಣ-ತಂಗಿ ಜೋಡಿಗಳು, ಶಿಕ್ಷಕರದೇ ಮಕ್ಕಳು ಜಾಸ್ತಿ. 19 ಮನೆಗಳಿಂದ 26 ಮಕ್ಕಳು ಅಂದುಕೊಳ್ಳಿ. ಒಂದು ಕುಟುಂಬಕ್ಕೆ ಪುಣೆಗೆ ವರ್ಗವಾದರೆ ಎರಡು ಹೆಸರು ಒಟ್ಟಿಗೆ ಹೋಗುತ್ತವೆ. ಶಿಕ್ಷಕಿಯೊಬ್ಬರು ಬಿಟ್ಟರೆ ಗಣಿತವೂ ಹೋಯಿತು, ಒಬ್ಬ ವಿದ್ಯಾರ್ಥಿಯೂ ಹೋದ. ದಾಖಲಾತಿ ಹೀಗೂ ಕುಸಿಯುತ್ತದೆ.

‘6 ಶಿಕ್ಷಕರು’ ಅನ್ನುವುದನ್ನೂ ಬಿಡಿಸಿ ನೋಡಿ. ಮೂವರು ಪೂರ್ಣಾವಧಿ, ಉಳಿದ ಮೂವರು ಐದು ದಿನದ ವಾರದಲ್ಲಿ ಎರಡು ದಿನ ಬರುವವರಾದರೆ ಲೆಕ್ಕಕ್ಕೆ ಸಿಗುವುದು 4.2 ಮಂದಿ. ಒಬ್ಬರಿಗೆ ನಾಲ್ಕು ಚಿಲ್ಲರೆ ಮಕ್ಕಳಲ್ಲ, ಆರು ಚಿಲ್ಲರೆ. ಆರೂ ಒಳ್ಳೆಯದೇ, ಆದರೆ ಭೌತಶಾಸ್ತ್ರದವರು ಬರುವುದು ಯಾವ ಎರಡು ದಿನ ಅಂತ ಗೊತ್ತಿರಲಿ.

ಇನ್ನು ಆ ಸೊನ್ನೆ. ಅದು ಮೋಸವೇ ಆಗಿರಬೇಕಿಲ್ಲ. ಇಂಥ ಕೆಲವು ಶಾಲೆಗಳಿಗೆ ಮಾನ್ಯತೆ ಇರುವುದು 8ರವರೆಗೆ ಮಾತ್ರ. ಮುಂದೆ ಮಕ್ಕಳು ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಮೂಲಕ 10ನೇ ತರಗತಿ ಪರೀಕ್ಷೆ ಬರೆಯುತ್ತಾರೆ: 14 ವರ್ಷ ತುಂಬಿರಬೇಕು, ಐದು ವಿಷಯ, ಅದರಲ್ಲಿ ಭಾಷೆ ಒಂದು ಅಥವಾ ಎರಡು. ನೋಂದಣಿ ಆಗುವುದು ಎನ್‌ಐಒಎಸ್‌ನಿಂದ ಮಾನ್ಯತೆ ಪಡೆದ ಬೇರೊಂದು ಅಧ್ಯಯನ ಕೇಂದ್ರದಲ್ಲಿ. ಹಾಗಾಗಿ ಮಗು ದಿನಾ ಕೂರುವ ಶಾಲೆಯ ಪಟ್ಟಿಯಲ್ಲಿ ಅದರ ಹೆಸರಿರುವುದಿಲ್ಲ.

ಇದರ ಬಿಸಿ ತಟ್ಟುವುದು ಮುಂದೆ. ಎಂಜಿನಿಯರಿಂಗ್‌ನಂಥ ವೃತ್ತಿಪರ ಕೋರ್ಸ್‌ಗಳಿಗೆ ರಾಜ್ಯದ ಪ್ರವೇಶ ಪರೀಕ್ಷೆಯಾದ ಕೆಸಿಇಟಿಗೆ ಸಾಮಾನ್ಯವಾಗಿ ಎಲ್ಲರೂ ಬಳಸುವ ಅರ್ಹತೆ ಏನೆಂದರೆ, 1ರಿಂದ 12ನೇ ತರಗತಿಯೊಳಗೆ ಕನಿಷ್ಠ 7 ವರ್ಷ ಕರ್ನಾಟಕದ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಓದಿರಬೇಕು, ಜೊತೆಗೆ 10 ಅಥವಾ 12 ಇಲ್ಲೇ ಪಾಸಾಗಿರಬೇಕು. ಮಾನ್ಯತೆಯಿಲ್ಲದ ಕಡೆ ಕಳೆದ ವರ್ಷಗಳು ಈ ಏಳರಲ್ಲಿ ಸೇರುವುದಿಲ್ಲ. ನಿಮ್ಮ ಮಗಳು 7ರವರೆಗೆ ಬೆಂಗಳೂರಿನ ಮಾನ್ಯ ಶಾಲೆಯಲ್ಲೇ ಓದಿದ್ದರೆ ವರ್ಷದ ಚಿಂತೆ ಇಲ್ಲ. 5ನೇ ತರಗತಿಗೆ ಹೊರರಾಜ್ಯದಿಂದ ಬಂದವಳಾದರೆ ಈಗಲೇ ಬೆರಳು ಮಡಚಿ ಎಣಿಸಿ. ಹಳೆಯ ಶಾಲೆಯ ಟಿಸಿ, ಸ್ಯಾಟ್ಸ್ ಸಂಖ್ಯೆ (ರಾಜ್ಯ ಶಿಕ್ಷಣ ಇಲಾಖೆಯ ವಿದ್ಯಾರ್ಥಿ ಗುರುತಿನ ಸಂಖ್ಯೆ), ವ್ಯಾಸಂಗ ಪ್ರಮಾಣಪತ್ರ ಮೂರನ್ನೂ ಬಿಡುವ ದಿನವೇ ತೆಗೆದಿಟ್ಟುಕೊಳ್ಳಿ. ನಾಲ್ಕು ವರ್ಷ ಬಿಟ್ಟು ಹೋದರೆ ಆ ಗುಮಾಸ್ತರೇ ಅಲ್ಲಿರುವುದಿಲ್ಲ.

ಅಂಕಿಯಲ್ಲಿ ನಾನು ಮೊದಲು ನೋಡುವುದು 8 ಮತ್ತು 9ರ ನಡುವಿನ ಹಳ್ಳ. ಸಿಬಿಎಸ್‌ಇ, ಐಸಿಎಸ್‌ಇಗಳಲ್ಲಿ 9ರಲ್ಲೇ ಮಂಡಳಿಗೆ ಹೆಸರು ನೋಂದಾಯಿಸುತ್ತಾರೆ. ವರ್ಗಾವಣೆಯಂಥ ಕಾರಣವಿಲ್ಲದೆ 10ಕ್ಕೆ ನೇರ ಸೇರುವುದು ಕಷ್ಟ. ಇದು ಗೊತ್ತಿರುವ ಪೋಷಕರು 8 ಮುಗಿದ ಬೇಸಿಗೆಯಲ್ಲೇ ಮಕ್ಕಳನ್ನು ಅಂಥ ಶಾಲೆಗಳಿಗೆ ಕರೆದೊಯ್ಯುತ್ತಾರೆ. 26ರಲ್ಲಿ 14 ಮಕ್ಕಳು 8ರಲ್ಲಿ, 7 ಜನ 9ರಲ್ಲಿ, 5 ಜನ 10ರಲ್ಲಿ ಇದ್ದರೆ, ಅದು ‘ಬೆಳೆಯುತ್ತಿರುವ ಶಾಲೆ’ಯೂ ಇರಬಹುದು, ಪ್ರತಿ ವರ್ಷ 8 ಮುಗಿಸಿದವರಲ್ಲಿ ಅರ್ಧ ಖಾಲಿಯಾಗುವ ಶಾಲೆಯೂ ಇರಬಹುದು. ಮೂರು ವರ್ಷದ ಹಿಂದೆ 8ರಲ್ಲಿದ್ದವರು ಎಷ್ಟು ಮಂದಿ, ಅವರಲ್ಲಿ 10 ಮುಗಿಸಿದವರೆಷ್ಟು ಅಂತ ಕೇಳಿದರೆ ಯಾವುದು ಅಂತ ತಿಳಿಯುತ್ತದೆ. ಇಷ್ಟು ಚಿಕ್ಕ ಶಾಲೆಯಲ್ಲಿ ಇದು ಬಾಯಲ್ಲೇ ಇರಬೇಕಾದ ಉತ್ತರ. ‘ಹುಡುಕಿ ಹೇಳುತ್ತೇವೆ’ ಅಂದರೆ ನನಗೆ ಅನುಮಾನ.

ಕಲಿಕಾ ನ್ಯೂನತೆ ಇರುವ ಮಕ್ಕಳೆಷ್ಟು ಅಂತ ಕೇಳಲು ಮುಜುಗರ ಬೇಡ, ಹೆಸರು ಕೇಳಬೇಡಿ ಅಷ್ಟೆ. ದೊಡ್ಡ ಶಾಲೆಯಲ್ಲಿ ಏಗಲಾಗದೆ ಇತ್ತ ಬಂದವರು ಇದ್ದೇ ಇರುತ್ತಾರೆ. ಎಂಟು ಮಕ್ಕಳಿದ್ದು ವಿಶೇಷ ಶಿಕ್ಷಕರು ಒಬ್ಬರೂ ಇಲ್ಲದಿದ್ದರೆ ಎಲ್ಲರಿಗೂ ತೊಂದರೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಬೇಕಾದವರಿಗೆ ನ್ಯೂನತೆಯ ಪ್ರಮಾಣಪತ್ರವೂ ಮುಂಚೆಯೇ ಕೈಯಲ್ಲಿರಬೇಕು.

ಮನೆಮಾತು ಕನ್ನಡ ಇರುವ ಮಕ್ಕಳೆಷ್ಟು ಅಂತಲೂ ಕೇಳಿ. ಅಡುಗೆಯವರು, ವ್ಯಾನ್ ಚಾಲಕರು ಬಿಟ್ಟರೆ ಕನ್ನಡ ಆಡುವವರೇ ಇಲ್ಲದ ಕಡೆ ಎನ್‌ಐಒಎಸ್‌ನ ಐದು ವಿಷಯಗಳಲ್ಲಿ ಕನ್ನಡ ಆರಿಸಿಕೊಳ್ಳುವವಳು ಒಬ್ಬಳೇ ಆಗಿಬಿಡುತ್ತಾಳೆ. ಒಬ್ಬಳಿಗಾಗಿ ಪಾಠ ಮಾಡುವವರು ವಾರದ ಯಾವ ದಿನ ಬರುತ್ತಾರೆ ಎಂಬುದನ್ನು ಅದೇ ಉಸಿರಿನಲ್ಲಿ ಕೇಳಿಬಿಡಿ.