ಹಳೇ ಜೀಪು ನಡುಗಿದರೆ ಮೊದಲು ಜಾಕ್ ಹಾಕಿ, ಆಮೇಲೆ ಜೇಬಿಗೆ ಕೈ ಹಾಕಿ

ಮಳೆಗಾಲ ಶುರುವಾದರೆ ಸಾಕು, ನನಗೆ ಬರೋ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಹಳೇ ಜೀಪಿನವೇ. ನಮ್ಮ ಚಿತ್ರದುರ್ಗ, ದಾವಣಗೆರೆ ಸೀಮೆಯಲ್ಲಿ ಇದು ಸಹಜ. ಜಗಳೂರಿನ ಎರೆ ಹೊಲಕ್ಕೂ ಹೊಳಲ್ಕೆರೆಯ ಅಡಿಕೆ ತೋಟಕ್ಕೂ ಇವತ್ತಿಗೂ ಜೀಪು ಓಡಾಡುತ್ತದೆ. ಈಗ ಹುಡುಗರೂ ಹಳೇ ಮಹೀಂದ್ರ, ಹಳೇ ಜಿಪ್ಸಿ ತಂದು ಮನೆ ಮುಂದೆ ತಾವೇ ಬಿಚ್ಚಿ ಕಟ್ಟುತ್ತಿದ್ದಾರೆ. ನನಗೆ ಅದು ನಿಜಕ್ಕೂ ಖುಷಿ. ಬೇಜಾರಾಗೋದು ಬೇರೆ ವಿಷಯಕ್ಕೆ. ಪ್ರಶ್ನೆಗಳು ಅವೇ ಐದಾರು, ಅವಕ್ಕೆ ಊರಲ್ಲಿ ಸಿಗೋ ಉತ್ತರಗಳೂ ಅವೇ ತಪ್ಪು ಉತ್ತರಗಳು. ಆಯಿಲ್ ಬದಲಿಸೋದು, ಗ್ರೀಸ್ ಹೊಡೆಯೋದು ಹೇಗೆ ಅಂತ ಇಲ್ಲಿ ಬರೆಯಲ್ಲ. ಅಷ್ಟು ಗೊತ್ತಿಲ್ಲದಿದ್ದರೆ ಇನ್ನೂ ಪಾನಾ ಹಿಡಿಯಬೇಡಿ.

ಪ್ರಶ್ನೆ: ಸರ್, ನನ್ನದು 1990ರ ಸುಮಾರಿನ ಮಹೀಂದ್ರ ಜೀಪು. ಉದ್ದನೆ ಶ್ಯಾಕಲ್ (ಸ್ಪ್ರಿಂಗ್ ಪ್ಲೇಟನ್ನು ಚಾಸಿಗೆ, ಅಂದರೆ ಗಾಡಿಯ ಚೌಕಟ್ಟಿಗೆ, ಹಿಡಿಯೋ ಕೊಂಡಿ) ಹಾಕಿಸಿ ಎತ್ತರ ಮಾಡಿದೆ, 31 ಇಂಚಿನ ಟೈರ್ ಹಾಕಿಸಿದೆ. ಈಗ 50 ದಾಟಿ ಒಂದು ಗುಂಡಿ ಹಾರಿಸಿದರೆ ಸ್ಟೇರಿಂಗ್ ಗಡಗಡ ನಡುಗುತ್ತದೆ, ಗಾಡಿ ನಿಲ್ಲಿಸೋವರೆಗೂ ಬಿಡಲ್ಲ. ಗ್ಯಾರೇಜಿನವರು ಸ್ಟೇರಿಂಗ್ ಡ್ಯಾಂಪರ್ (ನಡುಕ ತಡೆಯೋ ಶಾಕ್ ಅಬ್ಸಾರ್ಬರ್) ಹಾಕಿದರೆ ಸರಿಹೋಗುತ್ತದೆ ಅಂತಾರೆ. ಹಾಕಿಸಲಾ?
– ಚಳ್ಳಕೆರೆಯಿಂದ ಒಬ್ಬರು

ಉತ್ತರ: ಈಗ ಬೇಡ. ಈ ವರ್ಷ ಇದೇ ಪ್ರಶ್ನೆ ಬೇರೆ ಬೇರೆ ಊರಿಂದ ಬಂದಿದೆ, ಎಲ್ಲರಿಗೂ ಅದೇ ಡ್ಯಾಂಪರ್ ಸಲಹೆ ಸಿಕ್ಕಿದೆ. ಡ್ಯಾಂಪರ್ ನಡುಕವನ್ನು ಮುಚ್ಚುತ್ತದೆ, ನಡುಕದ ಕಾರಣ ಒಳಗೆ ಹಾಗೇ ಉಳಿಯುತ್ತದೆ. ಸವೆದ ಜಾಯಿಂಟು ಸವೆಯುತ್ತಲೇ ಹೋಗುತ್ತದೆ, ನಿಮಗೆ ಗೊತ್ತಾಗೋದೇ ಇಲ್ಲ. ಕಡೆಗೊಂದು ದಿನ ಅದು ಕಳಚಿಕೊಳ್ಳುತ್ತದೆ. ಆಗ ನೀವು ಹೈವೇ ಮೇಲಿದ್ದರೆ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ಮೊದಲು ಜೀವದ ಮಾತು. ರಿಪೇರಿ ಆಗೋವರೆಗೆ 40 ದಾಟಬೇಡಿ. ನಡುಕ ಶುರುವಾದರೆ ಗಾಬರಿಯಿಂದ ಬ್ರೇಕ್ ತುಳಿಯಬೇಡಿ. ಆಕ್ಸಿಲರೇಟರ್ ಬಿಡಿ, ಸ್ಟೇರಿಂಗ್ ಗಟ್ಟಿಯಾಗಿ ಹಿಡಿದು ಗಾಡಿ ತಾನಾಗಿ ನಿಧಾನವಾಗೋಕೆ ಬಿಡಿ. ಹೆಬ್ಬೆರಳು ಸ್ಟೇರಿಂಗಿನ ಕಡ್ಡಿಗಳ ಒಳಗೆ ಇರಬಾರದು, ಹೊರಗಿರಲಿ. ಚಕ್ರ ಕಲ್ಲಿಗೆ ಹೊಡೆದು ಸ್ಟೇರಿಂಗ್ ತಿರುಗಿಬಿದ್ದರೆ ಹೆಬ್ಬೆರಳು ಮುರಿಯುತ್ತದೆ. ಪವರ್ ಸ್ಟೇರಿಂಗ್ ಇಲ್ಲದ ಜೀಪು ಓಡಿಸೋರು ಈ ಅಭ್ಯಾಸ ಮಾಡಿಕೊಳ್ಳಲೇಬೇಕು.

ಈಗ ಹುಡುಕೋಣ. ಬಿಚ್ಚೋಕೆ ಮುಂಚೆ ಒಂದು ಬಕೆಟ್ ನೀರು, ಒಂದು ಬ್ರಷ್ ತಗೊಂಡು ಚಕ್ರದ ಒಳಮೈ ತೊಳೆಯಿರಿ. ಎರೆ ಮಣ್ಣು ರಿಮ್ಮಿನ ಒಳಗಡೆ ಮೆತ್ತಿಕೊಂಡು ಒಣಗಿದರೆ ಇಟ್ಟಿಗೆ ಹಾಗಾಗುತ್ತದೆ. ಒಂದೇ ಪಕ್ಕ ಅರ್ಧ ಕೇಜಿ ಮಣ್ಣಿದ್ದರೆ ಎಂಥ ಚಕ್ರವೂ ಕುಣಿಯುತ್ತದೆ. ಹೊಲದಿಂದ ನೇರ ರೋಡಿಗೆ ಬಂದ ಎಷ್ಟೋ ಜೀಪುಗಳ ಕಾಯಿಲೆ ಇಷ್ಟೇ ಆಗಿರುತ್ತದೆ. ಜೊತೆಗೆ ಎರಡೂ ಮುಂದಿನ ಟೈರಿನ ಗಾಳಿ ಸಮ ಇದೆಯಾ ನೋಡಿ.

ಆಮೇಲೆ ಮನೆಯವರೊಬ್ಬರನ್ನು ಕರೆಯಿರಿ. ಗಾಡಿ ನೆಲದ ಮೇಲೇ ಇರಲಿ, ಇಂಜಿನ್ ಆಫ್ ಇರಲಿ, ಹ್ಯಾಂಡ್ ಬ್ರೇಕ್ ಎಳೆದು ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಅವರು ಸ್ಟೇರಿಂಗನ್ನು ಆ ಕಡೆ ಈ ಕಡೆ ನಾಲ್ಕು ಬೆರಳಷ್ಟು ಆಡಿಸುತ್ತಾ ಇರಲಿ. ನೀವು ಮುಂದೆ ಕೂತು ಒಂದೊಂದೇ ಟೈ ರಾಡ್ ಎಂಡಿನ (ಚಕ್ರ ತಿರುಗಿಸೋ ಸರಳಿನ ತುದಿಯ ಜಾಯಿಂಟಿನ) ಮೇಲೆ ಬೆರಳಿಡಿ, ಜಾಯಿಂಟಿನ ಎರಡೂ ಭಾಗ ಬೆರಳಿಗೆ ತಾಗೋ ಹಾಗೆ. ಎರಡೂ ಒಟ್ಟಿಗೆ ಚಲಿಸಿದರೆ ಅದು ಚೆನ್ನಾಗಿದೆ. ಒಂದು ಮೊದಲು ಹೋಗಿ ಇನ್ನೊಂದು ಕ್ಷಣ ತಡೆದು ಹೋದರೆ ಅದು ಸತ್ತಿದೆ, ಬದಲಿಸಿ. ಕಣ್ಣಿಗೆ ಕಾಣದ ಲೂಸು ಬೆರಳಿಗೆ ಸಿಗುತ್ತದೆ. ನಡುವೆ ಬೆಲ್ ಕ್ರ್ಯಾಂಕ್ (ಸ್ಟೇರಿಂಗಿನ ಎಳೆತವನ್ನು ಟೈ ರಾಡಿಗೆ ದಾಟಿಸೋ ಕೀಲು) ಇರೋ ಹಳೇ ಜೀಪಾದರೆ ಅದರ ಪಿನ್ನು, ಬೇರಿಂಗನ್ನೂ ಹೀಗೇ ನೋಡಿ, ಅದನ್ನು ಮರೆಯೋರೇ ಜಾಸ್ತಿ. ಸ್ಟೇರಿಂಗ್ ಬಾಕ್ಸ್ ಕೂತಿರೋ ಜಾಗದಲ್ಲಿ ಚಾಸಿಗೆ ಬಿರುಕು ಬಿಟ್ಟಿದೆಯಾ ಅಂತ ಟಾರ್ಚ್ ಹಾಕಿ ನೋಡಿ.

ಈಗ ಜಾಕ್. ಮುಂದಿನ ಒಂದು ಚಕ್ರ ಎತ್ತಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಡಿ. ಬರೀ ಜಾಕ್ ನಂಬಬೇಡಿ. ಹಾಲೋ ಬ್ಲಾಕ್ ಅಂತೂ ಯಾವತ್ತೂ ಬೇಡ. ಅದು ಬಾಗಿ ಮುನ್ಸೂಚನೆ ಕೊಡಲ್ಲ, ಒಂದೇ ಸಲಕ್ಕೆ ಪುಡಿಯಾಗುತ್ತದೆ. ಕೆಲಸ ಕಲಿಯೋ ಕಾಲದಲ್ಲಿ ನನ್ನ ಎಡಗೈಯ ಒಂದು ಬೆರಳ ತುದಿ ಹೋಗಿದ್ದು ಹೀಗೆ. ಅವತ್ತು ಜಾಕ್ ಜಾರಿದಾಗ ಅಲ್ಲಿ ಇದ್ದದ್ದು ನನ್ನ ಕೈ, ತಲೆ ಅಲ್ಲ. ಅದಕ್ಕೇ ಇವತ್ತು ಬರೆಯುತ್ತಿದ್ದೇನೆ.

ಚಕ್ರವನ್ನು ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಒಳಗೆ ಹೊರಗೆ ಅಲ್ಲಾಡಿಸಿ. ಟಕ್ ಟಕ್ ಅಂದರೆ ಒಂದೋ ವೀಲ್ ಬೇರಿಂಗ್, ಇಲ್ಲಾ ಕಿಂಗ್ ಪಿನ್ ಬೇರಿಂಗ್. ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗೋದು ಈ ಕಿಂಗ್ ಪಿನ್ ಮೇಲೆ. ಯಾವುದು ಅಂತ ತಿಳಿಯೋದು ಸುಲಭ. ಒಬ್ಬರು ಬ್ರೇಕ್ ತುಳಿದು ಹಿಡಿದಿರಲಿ, ನೀವು ಮತ್ತೆ ಅಲ್ಲಾಡಿಸಿ. ಲೂಸು ಮಾಯವಾದರೆ ವೀಲ್ ಬೇರಿಂಗ್. ಹಾಗೇ ಉಳಿದರೆ ಕಿಂಗ್ ಪಿನ್. ಇಷ್ಟು ಸಣ್ಣ ಪರೀಕ್ಷೆ ಮಾಡದೆ ಎರಡೂ ಕಡೆ ಬೇರಿಂಗ್ ಬದಲಿಸಿ ಬಿಲ್ ಮಾಡೋರನ್ನು ನೋಡಿ ನನಗೆ ರೋಸಿಹೋಗಿದೆ.

ವೀಲ್ ಬೇರಿಂಗ್ ಆದರೆ ಬಹಳ ಸಲ ಹೊಂದಿಸಿದರೆ ಸಾಕು. ಚಕ್ರ ತಿರುಗಿಸುತ್ತಾ ಒಳಗಿನ ನಟ್ಟನ್ನು ಬಿಗಿ ಮಾಡಿ. ಚಕ್ರ ಹಿಡಿಯೋಕೆ ಶುರುವಾದಾಗ ಸುಮಾರು ಆರನೇ ಒಂದು ಸುತ್ತು ಸಡಿಲಿಸಿ, ಲಾಕ್ ವಾಷರ್ ಹಾಕಿ ಹೊರಗಿನ ನಟ್ಟು ಬಿಗಿಯಿರಿ. ವಾಷರಿನ ಅಂಚನ್ನು ನಟ್ಟಿನ ಮೇಲೆ ಮಡಿಸೋದು ಮರೆಯಬೇಡಿ.

ಕಿಂಗ್ ಪಿನ್ ಆದರೆ ಬಿಚ್ಚಲೇಬೇಕು. ಹೋದ ಮಳೆಗಾಲದಲ್ಲಿ ನನ್ನ ಹತ್ತಿರ ಒಂದು ಜೀಪು ಬಂತು. ಎಲ್ಲೋ ಎರಡು ವರ್ಷದ ಹಿಂದೆ ಡ್ಯಾಂಪರ್ ಹಾಕಿಸಿಕೊಂಡಿತ್ತು. ಚಕ್ರದ ಹಿಂದಿನ ಚೆಂಡಿನಂಥ ಹೌಸಿಂಗ್ ಬಿಚ್ಚಿದರೆ ಒಳಗೆ ಗ್ರೀಸೇ ಇಲ್ಲ, ತುಕ್ಕು ನೀರು ಕಲಸಿದ ಕೆಂಪು ಮಡ್ಡಿ. ಕೆಳಗಿನ ಬೇರಿಂಗಿನ ರೋಲರುಗಳಲ್ಲಿ ಮೂರು ಇರಲೇ ಇಲ್ಲ, ಪುಡಿಯಾಗಿ ಹೋಗಿದ್ದವು. ರೋಲರು ಉರುಳೋ ಉಕ್ಕಿನ ಬಳೆ, ಅಂದರೆ ಬೇರಿಂಗ್ ಕಪ್ಪಿನ ಮೇಲೆ ಉಗುರು ಆಡಿಸಿದರೆ ಸಾಲಾಗಿ ತಗ್ಗುಗಳು ಸಿಗುತ್ತಿದ್ದವು. ಆ ಗಾಡಿಯಲ್ಲಿ ದಿನಾ ಮಕ್ಕಳು ಸ್ಕೂಲಿಗೆ ಹೋಗುತ್ತಿದ್ದರು. ಅದನ್ನು ಕೈಯಲ್ಲಿ ಹಿಡಿದು ನೋಡಿದ ಮೇಲೆ ಡ್ಯಾಂಪರ್ ಅನ್ನೋ ಮಾತು ಕೇಳಿದರೇ ನನಗೆ ಸಿಟ್ಟು ಬರುತ್ತದೆ.

ಬೇರಿಂಗನ್ನು ಕಪ್ಪಿನ ಸಮೇತ ಬದಲಿಸಿ, ಹೌಸಿಂಗಿನ ದೊಡ್ಡ ಸೀಲೂ ಹೊಸದಿರಲಿ. ಮೇಲೆ ಕೆಳಗೆ ಶಿಮ್ಮುಗಳು, ಅಂದರೆ ತೆಳು ತಗಡುಗಳು, ಇರುತ್ತವೆ. ಎಷ್ಟು ಬಿಗಿ ಇರಬೇಕು ಅನ್ನೋದನ್ನು ಅವೇ ತೀರ್ಮಾನಿಸುತ್ತವೆ. ಶಿಮ್ ತೆಗೆಯೋದಾದರೆ ಮೇಲಿಂದ ಎಷ್ಟೋ ಕೆಳಗಿಂದಲೂ ಅಷ್ಟೇ. ಟೈ ರಾಡ್ ಬಿಚ್ಚಿಟ್ಟು ಕೈಯಲ್ಲಿ ತಿರುಗಿಸಿದರೆ ಅಲ್ಲಾಡಬಾರದು, ಒಂಚೂರು ಬಿಗಿಯಾಗಿ ತಿರುಗಬೇಕು. ಆ ಸ್ವಲ್ಪ ಬಿಗಿಯೇ ಇಲ್ಲದಿದ್ದರೆ ಎಲ್ಲ ಹೊಸದಿದ್ದರೂ ಜೀಪು ನಡುಗುತ್ತದೆ.

ಇನ್ನು ನೀವು ಹಾಕಿಸಿದ ಉದ್ದನೆ ಶ್ಯಾಕಲ್. ಸೈಕಲ್ಲಿನ ಮುಂದಿನ ಫೋರ್ಕ್ ನೋಡಿ. ಅದು ನೆಟ್ಟಗಿಲ್ಲ, ಮೇಲ್ತುದಿ ಸವಾರನ ಕಡೆ ವಾಲಿದೆ. ಸೈಕಲ್ ನೇರ ಹೋಗೋಕೆ ಅದೂ ಒಂದು ಕಾರಣ. ಜೀಪಿನ ಕಿಂಗ್ ಪಿನ್ ಕೂಡ ಹೀಗೇ ಹಿಂದಕ್ಕೆ ವಾಲಿರಬೇಕು, ಹಳೇ ವಿಲ್ಲಿಸ್ ಮಾದರಿಯ ಜೀಪಿನಲ್ಲಿ 3 ಡಿಗ್ರಿ. ಇದಕ್ಕೆ ಕ್ಯಾಸ್ಟರ್ ಅಂತಾರೆ. ಮುಂದಿನ ಪ್ಲೇಟಿನ ಶ್ಯಾಕಲ್ ಮುಂತುದಿಯಲ್ಲಿ ಇರೋ ಗಾಡಿಗೆ ಉದ್ದ ಶ್ಯಾಕಲ್ ಹಾಕಿದರೆ ಆಕ್ಸಲ್ ಮುಂದಕ್ಕೆ ಮಗುಚುತ್ತದೆ, ಕ್ಯಾಸ್ಟರ್ ಹೋಗುತ್ತದೆ. ಮೊದಲೇ ಸವೆದ ಜಾಯಿಂಟು, ಅದರ ಮೇಲೆ ಕ್ಯಾಸ್ಟರ್ ಇಲ್ಲ, ಅದರ ಮೇಲೆ ಭಾರದ ಟೈರು. ನಿಮ್ಮ ಗಾಡಿ ನಡುಗದೆ ಏನು ಮಾಡುತ್ತದೆ?

ನನ್ನ ಸಲಹೆ, ಹಳೇ ಶ್ಯಾಕಲ್ ವಾಪಸ್ ಹಾಕಿ. ಎತ್ತರ ಬೇಕೇ ಬೇಕು ಅನ್ನೋರು ಪ್ಲೇಟು ಮತ್ತು ಆಕ್ಸಲ್ ನಡುವೆ ಉಕ್ಕಿನ ಬೆಣೆ ಕೊಟ್ಟು ಕ್ಯಾಸ್ಟರ್ ಸರಿ ಮಾಡಬೇಕು. ಆಕ್ಸಲ್ ಪ್ಲೇಟಿನ ಮೇಲೆ ಕೂತಿದ್ದರೆ ಬೆಣೆಯ ದಪ್ಪ ತುದಿ ಮುಂದಕ್ಕೆ. ಅಲ್ಯೂಮಿನಿಯಂ ಬೆಣೆ ಬೇಡ, ಕುಟ್ಟಿಸಿಕೊಂಡು ಸೀಳುತ್ತದೆ. ಬರೀ ಗೆಸ್ ಮೇಲೆ ಹಾಕಬೇಡಿ, ಕೋನ ಅಳೆದು ಹಾಕಿ.

ಕಡೆಯದಾಗಿ ಟೋ, ಅಂದರೆ ಮುಂದಿನ ಎರಡು ಚಕ್ರಗಳ ಮುಂಭಾಗ ಎಷ್ಟು ಒಳಗೆ ತಿರುಗಿದೆ ಅನ್ನೋ ಅಳತೆ. ಇದನ್ನು ಮನೆಯಲ್ಲೇ ನೋಡಬಹುದು. ಚಕ್ರ ಎತ್ತಿ ತಿರುಗಿಸುತ್ತಾ ಟೈರಿನ ನಡುವೆ ಸೀಮೆಸುಣ್ಣದ ಪಟ್ಟಿ ಎಳೆಯಿರಿ. ಅದರ ಮೇಲೆ ಮೊಳೆ ಹಿಡಿದು ಮತ್ತೆ ತಿರುಗಿಸಿದರೆ ಸಣ್ಣ ಗೆರೆ ಬೀಳುತ್ತದೆ. ಎರಡೂ ಚಕ್ರಕ್ಕೆ ಹೀಗೆ ಮಾಡಿ. ಗಾಡಿ ಇಳಿಸಿ, ಸ್ವಲ್ಪ ಮುಂದೆ ತಳ್ಳಿ ನಿಲ್ಲಿಸಿ. ಈಗ ಎರಡು ಗೆರೆಗಳ ನಡುವಿನ ಅಂತರವನ್ನು ಟೈರಿನ ಮುಂಭಾಗದಲ್ಲೊಮ್ಮೆ, ಹಿಂಭಾಗದಲ್ಲೊಮ್ಮೆ, ಒಂದೇ ಎತ್ತರದಲ್ಲಿ ಟೇಪ್ ಹಿಡಿದು ಅಳೆಯಿರಿ. ಮುಂದಿನ ಅಳತೆ ಒಂದೆರಡು ಮಿಲಿಮೀಟರ್ ಕಡಿಮೆ ಇರಬೇಕು.

ಇಷ್ಟೆಲ್ಲ ಆಗೋ ಮುಂಚೆ ಯಾರಾದರೂ ಸ್ಟೇರಿಂಗ್ ಬಾಕ್ಸಿನ ಸ್ಕ್ರೂ ಬಿಗಿ ಮಾಡಿದರೆ ಸರಿಹೋಗುತ್ತದೆ ಅಂದರೆ ಮುಟ್ಟೋಕೆ ಬಿಡಬೇಡಿ. ಜಾಸ್ತಿ ಬಿಗಿ ಮಾಡಿದ ಬಾಕ್ಸ್, ತಿರುವು ಮುಗಿದ ಮೇಲೆ ತಾನಾಗಿ ನೇರಕ್ಕೆ ಬರಲ್ಲ, ಒಳಗಿನ ಹಲ್ಲೂ ಬೇಗ ಸವೆಯುತ್ತದೆ. ಎಲ್ಲ ಲೂಸೂ ಹೋದ ಮೇಲೆ ಡ್ಯಾಂಪರ್ ಹಾಕೋದಾದರೆ ಹಾಕಿ, ನನ್ನ ಅಭ್ಯಂತರ ಇಲ್ಲ. ಆಗ ಅದರ ಅಗತ್ಯವೇ ನಿಮಗೆ ಕಾಣಲ್ಲ.

ಪ್ರಶ್ನೆ: ನನ್ನ ಜೀಪಿಗೆ ಮೊದಲಿಂದ 6.00-16 ಟೈರಿದೆ. 33 ಇಂಚಿನದು ಹಾಕಬಹುದಾ?
– ಹರಿಹರ

ಉತ್ತರ: ಬೇಡ. ನಿಮ್ಮ ಟೈರಿನ ಎತ್ತರ ಸುಮಾರು 29 ಇಂಚು. 15 ಇಂಚಿನ ರಿಮ್ ಹಾಕೋದಾದರೆ 235/75 ಟೈರು ಹೆಚ್ಚುಕಮ್ಮಿ ಅದೇ ಎತ್ತರ ಬರುತ್ತದೆ, ಅಲ್ಲಿಗೆ ನಿಲ್ಲಿಸಿ. 31 ಇಂಚಿಗೆ ಹೋದರೇ ಮೀಟರ್ 60 ತೋರಿಸುವಾಗ ನೀವು 64ರಲ್ಲಿರುತ್ತೀರಿ, ನಿಲ್ಲಿಸೋಕೆ ಇರೋದು ಅದೇ ಹಳೇ ಡ್ರಮ್ ಬ್ರೇಕು.

ಪ್ರಶ್ನೆ: ಮಳೆಯಲ್ಲಿ ಹೈವೇ ಮೇಲೆ ಹಿಡಿತಕ್ಕೆ ಫೋರ್ ವೀಲ್ ಹಾಕಿ ಓಡಿಸಬಹುದಾ?
– ದಾವಣಗೆರೆ

ಉತ್ತರ: ಹಳೇ ಜೀಪು, ಜಿಪ್ಸಿಯಲ್ಲಿ ಆಗಲ್ಲ. ಫೋರ್ ವೀಲ್ ಅಂದರೆ ಇಂಜಿನ್ ಬಲ ನಾಲ್ಕೂ ಚಕ್ರಕ್ಕೆ ಹೋಗೋದು. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ದೊಡ್ಡ ಸುತ್ತು ಹಾಕುತ್ತದೆ. ಈ ಗಾಡಿಗಳಲ್ಲಿ ಆ ವ್ಯತ್ಯಾಸ ಸರಿದೂಗಿಸೋಕೆ ನಡುವೆ ಡಿಫರೆನ್ಷಿಯಲ್ ಇಲ್ಲ. ಮಣ್ಣಿನಲ್ಲಾದರೆ ಚಕ್ರ ಜಾರಿ ಸರಿಹೋಗುತ್ತದೆ. ಟಾರ್ ಮೇಲೆ ಅಷ್ಟು ಸುಲಭಕ್ಕೆ ಜಾರಲ್ಲ, ಆ ತಿರುಚು ಪೂರ್ತಿ ಶಾಫ್ಟು, ಗೇರಿನ ಮೇಲೆ ಬೀಳುತ್ತದೆ. ಫೋರ್ ವೀಲ್ ಲಿವರ್ ಹಿಡಿದುಕೊಂಡಿದ್ದರೆ ಎಳೆದಾಡಬೇಡಿ, ನೇರಕ್ಕೆ ಸ್ವಲ್ಪ ರಿವರ್ಸ್ ತಗೊಳ್ಳಿ, ಬಿಡುತ್ತದೆ. ಎರೆ ಹೊಲಕ್ಕೆ ಇಳಿಯೋ ಮುಂಚೆಯೇ ಹಾಕಿ, ಹೂತ ಮೇಲೆ ಅಲ್ಲ.

ಪ್ರಶ್ನೆ: ಡೀಸೆಲ್‌ಗೆ ಸೀಮೆಎಣ್ಣೆ ಬೆರೆಸಿದರೆ ಮೈಲೇಜ್ ಬರುತ್ತದಂತೆ?
– ಹಿರಿಯೂರು

ಉತ್ತರ: ಇಂಜಿನ್ನಿಗೆ ಡೀಸೆಲ್ ತಳ್ಳೋ ಪಂಪಿಗೆ ಜಿಡ್ಡು ಕೊಡೋದೇ ಡೀಸೆಲ್. ಸೀಮೆಎಣ್ಣೆ ಬೆರೆಸಿದರೆ ಪಂಪ್ ಸವೆಯುತ್ತದೆ. ಬೇಡ.

ಪ್ರಶ್ನೆ: ಚಾಸಿ ಬಿಟ್ಟು ಉಳಿದದ್ದೆಲ್ಲ ಬದಲಿಸಿ ಮಾಡಿಫೈ ಮಾಡಿಸಿದರೆ ಕೇಸ್ ಆಗುತ್ತದಾ?
– ಚನ್ನಗಿರಿ

ಉತ್ತರ: ಆಗುತ್ತದೆ. ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ. ಮೋಟಾರು ವಾಹನ ಕಾಯ್ದೆಯ 182ಎ ಕಲಂ ಪ್ರಕಾರ ಮಾಲೀಕರಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ ಇದೆ. ಮೊದಲು ಆರ್‌ಟಿಒ ಕಚೇರಿಗೆ ಹೋಗಿ ಕೇಳಿ, ಆಮೇಲೆ ಗ್ಯಾರೇಜಿಗೆ ಹೋಗಿ.

ಪ್ರಶ್ನೆ: ಬೇಸಿಗೆಯಲ್ಲಿ ಇಂಜಿನ್ ಕಾಯುತ್ತದೆ. ಥರ್ಮೋಸ್ಟಾಟ್ ಕಿತ್ತುಹಾಕಿ ಅಂತಾರೆ. ಬೋರ್ ನೀರೇ ಹಾಕ್ತಿದ್ದೀನಿ.
– ಮೊಳಕಾಲ್ಮೂರು

ಉತ್ತರ: ಕಾಯಿಲೆ ನಿಮ್ಮ ಎರಡನೇ ಮಾತಲ್ಲೇ ಇದೆ. ನಮ್ಮ ಕಡೆ ಬೋರ್ ನೀರು ಕಾಯಿಸಿದ ಪಾತ್ರೆ ತಳದಲ್ಲಿ ಬಿಳಿ ಪೊರೆ ಕೂರುತ್ತದಲ್ವಾ, ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಅದೇ ಕೂತಿದೆ. ರೇಡಿಯೇಟರ್ ಬಿಚ್ಚಿಸಿ ತೊಳೆಸಿ, ಡಿಸ್ಟಿಲ್ಡ್ ನೀರಿನ ಜೊತೆ ಕೂಲಂಟ್ ಹಾಕಿ. ಥರ್ಮೋಸ್ಟಾಟ್ ಅಂದರೆ ಇಂಜಿನ್ ಕಾದ ಮೇಲೆ ನೀರನ್ನು ರೇಡಿಯೇಟರಿಗೆ ಬಿಡೋ ವಾಲ್ವ್, ಅದನ್ನು ಕಿತ್ತರೆ ಇಂಜಿನ್ ಬೇಗ ಹದಕ್ಕೆ ಬರಲ್ಲ, ಡೀಸೆಲ್ ಸರಿಯಾಗಿ ಉರಿಯಲ್ಲ, ಸವೆತ ಜಾಸ್ತಿ. ಅನುಮಾನ ಇದ್ದರೆ ಅದನ್ನು ದಾರಕ್ಕೆ ಕಟ್ಟಿ ನೀರಿನ ಪಾತ್ರೆಯಲ್ಲಿ ತಳ ಮುಟ್ಟದ ಹಾಗೆ ಇಳಿಬಿಟ್ಟು ಕಾಯಿಸಿ. ನೀರು ಕುದಿಯೋ ಮುಂಚೆಯೇ ಬಾಯಿ ಬಿಟ್ಟರೆ ಅದು ಚೆನ್ನಾಗಿದೆ. ಬಿಡದಿದ್ದರೆ ಹೊಸದು ತನ್ನಿ. ಆ ಪಾತ್ರೆ ಮತ್ತೆ ಅಡುಗೆಗೆ ಬೇಡ. ಮುಂದೆ ಕೂಲಂಟ್ ಬದಲಿಸುವಾಗ ತೆಗೆದ ಹಳೇ ಕೂಲಂಟನ್ನು ಬುಟ್ಟಿಯಲ್ಲಿ ತೆರೆದಿಟ್ಟು ಊಟಕ್ಕೆ ಏಳಬೇಡಿ. ಅದು ಸಿಹಿ ಇರುತ್ತದೆ, ನಾಯಿ, ಕರು ಕುಡಿದರೆ ಸಾಯುತ್ತವೆ. ತಕ್ಷಣ ಕ್ಯಾನಿಗೆ ಸುರಿದು ಮುಚ್ಚಳ ಹಾಕಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ.