ಬ್ಯಾಗ್ ಎತ್ತಿಕೊಟ್ಟವರು

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ನನ್ನ ಹತ್ತಿರ ಸಲಹೆಗೆ ಬಂದವರು 34 ವರ್ಷದ ಮಹಿಳೆ. ಬೆಂಗಳೂರಿನಲ್ಲಿ ಲೆಕ್ಕಪತ್ರದ ಕೆಲಸ, ಮಾತು ಕಡಿಮೆ. "ನಾಲ್ಕು ದಿನ ಒಬ್ಬಳೇ ಗೋಕರ್ಣಕ್ಕೆ ಹೋಗಿದ್ದೆ ಮೇಡಂ. ಹೋಗೋಕೆ ಮುಂಚೆನೇ ಚೆನ್ನಾಗಿದ್ದೆ ಅನ್ಸುತ್ತೆ" ಎಂದರು. ತನಗೇನೋ ಕಾಯಿಲೆ ಇರಬೇಕು ಎಂಬ ಅನುಮಾನ ಬೇರೆ.

ನಿದ್ದೆ, ಊಟ, ಕೆಲಸ ವಿಚಾರಿಸಿದೆ. ಎಲ್ಲ ಸರಿಯಾಗಿತ್ತು. ಜನರೆಂದರೆ ಭಯವಿಲ್ಲ, ಜಾಸ್ತಿ ಹೊತ್ತು ಜನರ ನಡುವೆ ಇದ್ದರೆ ಸುಸ್ತು. ಅಂತರ್ಮುಖಿಗಳ ಸ್ವಭಾವವೇ ಅದು, ಕಾಯಿಲೆಯಲ್ಲ. ಆದರೆ ಒಬ್ಬರೇ ಹೋದ ಕಡೆ ಇಷ್ಟು ಜನ ಎಲ್ಲಿಂದ ಬಂದರು?

ಪ್ರಯಾಣವನ್ನು ಮೊದಲಿಂದ ಹೇಳಿಸಿದೆ. ರಾತ್ರಿ ರೈಲು, ಮಿಡಲ್ ಬರ್ತ್, 14 ಕಿಲೋ ಸೂಟ್‌ಕೇಸ್. ಸೀಟಿನ ಕೆಳಗೆ ಹಿಡಿಸಲಿಲ್ಲ, ಎದುರಿನವರು ಎತ್ತಿ ಮೇಲಿಟ್ಟರು. ಸಹಾಯ ಮಾಡಿದವರ ಜೊತೆ ಮಾತಾಡದೆ ಇರೋಕಾಗುತ್ತಾ? "ಒಬ್ರೇನಾ? ಮನೆಯವರು ಬರ್ಲಿಲ್ವಾ?" ಕೆಳಗಿನವರು ಒಪ್ಪದಿದ್ದರೆ ಮಿಡಲ್ ಬರ್ತ್ ಬಿಚ್ಚುವುದು ರಾತ್ರಿ 10ಕ್ಕೇ. ಅಲ್ಲಿವರೆಗೂ ವಿಚಾರಣೆ. ಮರುದಿನ ಕುಡ್ಲೆ ಕಡಲತೀರಕ್ಕೆ ಇಳಿಯುವ ಮೆಟ್ಟಿಲು, ಆಮೇಲೆ ಮರಳು. ಚಕ್ರ ಹೂತುಹೋಯಿತು. ಒಬ್ಬ ಹುಡುಗ ಹೊತ್ತುಕೊಟ್ಟ. ನಾಲ್ಕೂ ದಿನ ಕಂಡಾಗಲೆಲ್ಲ "ಅಕ್ಕಾ, ಊಟ ಆಯ್ತಾ?" ಪಾಪ, ಒಳ್ಳೆ ಹುಡುಗನೇ.

ಸೂಟ್‌ಕೇಸಿನಲ್ಲಿದ್ದುದನ್ನೆಲ್ಲ ಪಟ್ಟಿ ಮಾಡಿ, ಯಾವುದು ಏಕೆ ಎಂದು ಪಕ್ಕದಲ್ಲಿ ಬರೆದು ತನ್ನಿ ಎಂದೆ. ಎರಡು ಜರಿ ಚೂಡಿದಾರ: "ಯಾರಾದ್ರೂ ಪರಿಚಯದವರು ಸಿಕ್ಕಿದ್ರೆ". ಐದು ಪುಸ್ತಕ, ಒಂದನ್ನೂ ತೆರೆದಿರಲಿಲ್ಲ. ಒಂದು ಇಸ್ತ್ರಿಪೆಟ್ಟಿಗೆ! ಓದುತ್ತಾ ಅವರಿಗೇ ನಗು ಬಂತು.

ನಾನು ಹೇಳಿದ್ದು ಇಷ್ಟು. ಯಾರನ್ನೂ ಕೇಳದೆ ನೀವೇ ತಲೆಯ ಮಟ್ಟಕ್ಕೆ ಎತ್ತಿ ಇಡುವಷ್ಟೇ ಸಾಮಾನು, ಅದೂ ಬೆನ್ನಿಗೆ ಹಾಕುವ ಬ್ಯಾಗಿನಲ್ಲಿ. ಮೈಮೇಲಿನದು ಬಿಟ್ಟು ಎರಡು ಜೊತೆ ತೆಳು ಹತ್ತಿ ಬಟ್ಟೆ, ಬಟ್ಟೆ ಸೋಪಿನ ತುಂಡು, ಒಂದೇ ಪುಸ್ತಕ. ಕರಾವಳಿಯ ತೇವಕ್ಕೆ ಜೀನ್ಸ್ ಬೇಗ ಒಣಗುವುದಿಲ್ಲ, ಬೇಡ. ಮಾತ್ರೆ, ಗುರುತಿನ ಚೀಟಿ, ಚಾರ್ಜರ್ ಮಾತ್ರ ಬಿಡಬೇಡಿ. ಅಪ್ಪರ್ ಬರ್ತ್ ಕೇಳಿ, ಹತ್ತಿದ ಕೂಡಲೇ ಮಲಗಬಹುದು. ಮನೆಗೆ ರಾತ್ರಿ 8ಕ್ಕೆ ಒಂದೇ ಫೋನ್.

ದಿನಚರಿ ಬರೆಯಿರಿ ಎಂದೂ ಹೇಳಿದ್ದೆ. "ಅದೂ ಒಂದು ಸಾಮಾನೇ ಅಲ್ವಾ ಮೇಡಂ?" ಎಂದರು. ನಾನು ಸುಮ್ಮನಾದೆ.

ಎರಡನೇ ಸಲ ಹೋದಾಗ ಬ್ಯಾಗ್ 5 ಕಿಲೋ ಇತ್ತಂತೆ. ಹೊರಡುವ ಹೊತ್ತಿಗೆ ಅಮ್ಮ ಒಂದು ಚಕ್ಕುಲಿ ಡಬ್ಬಿ ತುರುಕಿದರಂತೆ. ಮೂರನೇ ದಿನ ಆ ಹುಡುಗ ದೂರದಲ್ಲಿ ಕಂಡಾಗ, ಇವರೇ ಕರೆದು ಎರಡು ಚಕ್ಕುಲಿ ಕೊಟ್ಟರಂತೆ.