ಜೂಡೋ ಬ್ಲ್ಯಾಕ್ ಬೆಲ್ಟ್ ಇದ್ದರೆ ಯೂನಿವರ್ಸಿಟಿ ಅರ್ಜಿಗೆ ಸಹಾಯ ಆಗುತ್ತಾ?

ಏಳು ವರ್ಷ ಜೂಡೋ ಕಲಿತಿದ್ದೀರಿ, ಬ್ಲ್ಯಾಕ್ ಬೆಲ್ಟ್ ಬಂದಿದೆ, ಅಮೆರಿಕ ಅಥವಾ ಬ್ರಿಟನ್ನಿನ ಅರ್ಜಿಯಲ್ಲಿ ಇದನ್ನು ಹೇಗೆ ತೋರಿಸಲಿ ಎಂದು ಕೇಳಿದ್ದೀರಿ.

ಖಂಡಿತ ಸಹಾಯ ಆಗುತ್ತದೆ. ಆದರೆ ಬರೀ ಬೆಲ್ಟ್ ನೆಚ್ಚಿಕೊಳ್ಳಬೇಡಿ. ಒಂದು ಕಡೆ ಬೇಗ ಸಿಗುವ ಬೆಲ್ಟ್‌ಗೆ ಇನ್ನೊಂದು ಕಡೆ ವರ್ಷಗಟ್ಟಲೆ ಕಾಯಬೇಕು. ಅರ್ಜಿ ಓದುವವರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಮೊದಲ ಬ್ಲ್ಯಾಕ್ ಬೆಲ್ಟ್‌ಗೆ 'ಶೋದಾನ್' ಅಂತಾರಲ್ವಾ, ಅದರ ಅರ್ಥವೇ ಆರಂಭದ ಮೆಟ್ಟಿಲು.

ನಾನೂ ಜೂಡೋ ಆಡಿದವನೇ. ನನ್ನ ಮೊದಲ ಪ್ರಬಂಧದಲ್ಲಿ ಸೋತಿದ್ದು, ಛಲ ಹಿಡಿದಿದ್ದು, ಗೆದ್ದಿದ್ದು ಇತ್ತು. ಓದಿದ ಟೀಚರ್, "ಇದನ್ನ ಯಾವ ಆಟಗಾರ ಬೇಕಾದ್ರೂ ಬರೀಬಹುದು" ಅಂದರು. ಬೇಜಾರಾಯಿತು, ಆದರೆ ಮಾತು ನಿಜ. ಆಮೇಲೆ 'ಉಕೆ' ಆಗಿದ್ದರ ಬಗ್ಗೆ ಬರೆದೆ. ಗ್ರೇಡಿಂಗ್‌ನಲ್ಲಿ, ಅಂದರೆ ಬೆಲ್ಟ್ ಪರೀಕ್ಷೆಯಲ್ಲಿ, ಎಲ್ಲರ ಕಣ್ಣು ಎಸೆಯುವವರ ಮೇಲೆ. ಅವರ ಕೈಯಲ್ಲಿ ಬೀಳುವವನೇ ಉಕೆ. ಎರಡು ವರ್ಷ ಜೂನಿಯರ್‌ಗಳಿಗೆ ನಾನೇ ಉಕೆ. ಮೈ ಬಿಗಿ ಹಿಡಿದರೆ ಅವರ ಎಸೆತ ಕೆಡುತ್ತದೆ. ಸುಮ್ನೆ ಹಾರಿ ಬಿದ್ದರೆ ಅವರು ಏನೂ ಕಲಿಯುವುದಿಲ್ಲ. ಯಾರ ಎಡಗೈ ಸಡಿಲ, ಯಾರ ಸೊಂಟ ಪೂರ್ತಿ ತಿರುಗಿಲ್ಲ ಎಂಬುದು ನನಗೆ ಬಿದ್ದು ಬಿದ್ದೇ ತಿಳಿಯಿತು. ನಾನು ಓದಬೇಕೆಂದಿದ್ದು ಫಿಸಿಯೋಥೆರಪಿ. ಎರಡಕ್ಕೂ ನಂಟು ಇದೆ ಎಂದು ಬರೆಯುವಾಗಲೇ ನನಗೆ ಹೊಳೆದಿದ್ದು.

ನಿಮ್ಮಲ್ಲೂ ಇಂಥದ್ದೊಂದು ಇರುತ್ತದೆ, ಹುಡುಕಿ.

ಅಮೆರಿಕದ ಹಲವು ಕಾಲೇಜುಗಳಿಗೆ ಒಟ್ಟಿಗೆ ಅರ್ಜಿ ಹಾಕುವ ಕಾಮನ್ ಆಪ್‌ನಲ್ಲಿ ಒಂದು ಚಟುವಟಿಕೆಯ ವಿವರಣೆಗೆ ಬರೀ 150 ಅಕ್ಷರ. ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಎಂಬುದಕ್ಕೆ ಬೇರೆ ಜಾಗ ಇದೆ. ಹಾಗಾಗಿ 'ಶಿಸ್ತು ಕಲಿತೆ' ಅಂತ ಬರೆದು ಅಕ್ಷರ ಕಳೆಯಬೇಡಿ. 'ಹೊಸಬರಿಗೆ ಪೆಟ್ಟಾಗದಂತೆ ಬೀಳುವುದನ್ನು ಕಲಿಸಿದೆ' ಎಂದರೆ ಶಿಸ್ತು ತಾನಾಗೇ ಕಾಣುತ್ತದೆ. ಬ್ರಿಟನ್ನಿನ ಯೂನಿವರ್ಸಿಟಿಗಳಿಗೆ ಹಾಕುವ ಯೂಕಾಸ್ ಅರ್ಜಿಯ ಪ್ರಬಂಧ ಭಾಗದಲ್ಲಿ 2026ರ ಪ್ರವೇಶದಿಂದ ಮೂರು ಪ್ರಶ್ನೆಗಳಿವೆ, ಒಟ್ಟು 4000 ಅಕ್ಷರ. ಓದಿನ ಹೊರಗೆ ಏನು ತಯಾರಿ ಮಾಡಿಕೊಂಡಿರಿ, ಅದು ಯಾಕೆ ಉಪಯುಕ್ತ ಎಂದು ಕೇಳುವುದು ಮೂರನೆಯದು. ಜೂಡೋ ಅಲ್ಲಿಗೆ ಸರಿ. ನಿಮ್ಮ ವಿಷಯಕ್ಕೆ ನಂಟು ಇಲ್ಲದಿದ್ದರೆ ಒಂದೆರಡು ಸಾಲು ಸಾಕು.

ಇನ್ನೊಂದು ಮಾತು. ಅಮೆರಿಕದಲ್ಲಿ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆಯಾದ ಎನ್‌ಸಿಎಎಯಲ್ಲಿ ಕುಸ್ತಿಗೆ, ಕತ್ತಿವರಸೆಗೆ ಚಾಂಪಿಯನ್‌ಶಿಪ್ ಇದೆ, ಜೂಡೋಗೆ ಇಲ್ಲ. ಕೋಚ್ ಕರೆದು ಸೀಟು ಕೊಡುತ್ತಾರೆ ಎಂದು ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ.

ಯಾವ ವಿಷಯಕ್ಕೆ ಅರ್ಜಿ ಹಾಕುತ್ತಿದ್ದೀರಿ ತಿಳಿಸಿ. ಕರಡು ಕಳಿಸಿದರೆ ಖುಷಿಯಿಂದ ಓದುತ್ತೇನೆ.